ಎಣ್ಣೆಯೂ ಆಸವವೂ: ತೆಂಗಿನ ಸೀಮೆಯ ಮನೆಮದ್ದಿನ ಇತಿಹಾಸ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳು ಕೂಡಿ ಕಲ್ಪತರು ನಾಡಿನ ಹೃದಯಭಾಗವಾಗಿವೆ. ಇಲ್ಲಿಯ ಕೆರೆಯ ಕೆಳಗೂ ಹಳ್ಳದ ದಡದಲ್ಲೂ ತೆಂಗು. ಮನೆಯ ಅಟ್ಟದ ಮೇಲೆ ತೆಂಗು. ಮದುವೆಯ ಮಾತುಕತೆಯಲ್ಲಿಯೂ ಸಾಲದ ಪತ್ರದಲ್ಲಿಯೂ ತೆಂಗು. ಈ ಮರದ ಹೊಂಬಾಳೆಗೆ ಎರಡು ಗತಿಗಳುಂಟು. ಅದು ಬಿರಿಯುವ ಮುನ್ನವೇ ಕಟ್ಟಿ, ತುದಿಯನ್ನು ಸವರಿ, ಗಡಿಗೆಯಿಟ್ಟರೆ ನೀರಾ ಒಸರುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಹುಳಿತು ಹೆಂಡವಾಗುತ್ತದೆ. ಹಾಗೆ ಮಾಡದೆ ಬಿಟ್ಟರೆ ಹನ್ನೆರಡು ತಿಂಗಳಿಗೆ ಕಾಯಿ ಬಲಿಯುತ್ತದೆ. ಆ ಕಾಯಿ ಅಟ್ಟದಲ್ಲಿ ಮತ್ತೆ ಎಂಟು ಹತ್ತು ತಿಂಗಳು ಕುಳಿತು ಕೊಬ್ಬರಿಯಾಗುತ್ತದೆ. ಕೊಬ್ಬರಿಯಿಂದ ಎಣ್ಣೆ ಬರುತ್ತದೆ. ಒಂದೇ ಹೊಂಬಾಳೆ ಎರಡನ್ನೂ ಕೊಡಲಾರದು. ಮದ್ಯವೋ ತೈಲವೋ ಎಂಬ ಆಯ್ಕೆಯನ್ನು ಈ ಸೀಮೆಯ ಒಕ್ಕಲಿಗನ ಮುಂದೆ ಮರವೇ ಇಟ್ಟಿದೆ.

ಈ ಸೀಮೆ ಕೊಬ್ಬರಿಯನ್ನು ಆರಿಸಿಕೊಂಡಿತೆಂಬುದು ಲೋಕವಿದಿತ. ಹಳೆಯ ಮೈಸೂರಿನ ಬಯಲಿನಲ್ಲಿ ಹೆಂಡವೆಂದರೆ ಬಹುಮಟ್ಟಿಗೆ ಈಚಲ ಮರದ್ದು. ತೆಂಗು ಕಾಯಿಗೆ ಮೀಸಲು. ಆದರೆ ಇದೇ ಆಯ್ಕೆ ಇನ್ನೊಂದು ಕ್ಷೇತ್ರದಲ್ಲಿಯೂ ನಡೆದಿದೆ. ಗಿಡಮೂಲಿಕೆಯ ಸತ್ತ್ವವನ್ನು ಹಿಡಿದಿಡಲು ಮನುಷ್ಯನಿಗೆ ದೊರೆತ ಮುಖ್ಯ ಮಾಧ್ಯಮಗಳು ಮೂರು: ನೀರು, ಸ್ನೇಹ ಅಂದರೆ ಎಣ್ಣೆ ತುಪ್ಪಗಳು, ಮತ್ತು ಮದ್ಯ. ನೀರಿನಲ್ಲಿ ಕುದಿಸಿದ ಕಷಾಯ ಒಂದು ದಿನಕ್ಕೆ ಮೀರಿ ನಿಲ್ಲದು. ಉಳಿಯಬೇಕಾದರೆ ಎಣ್ಣೆಯನ್ನೋ ಮದ್ಯವನ್ನೋ ಆಶ್ರಯಿಸಬೇಕು. ಮನೆಯಲ್ಲಿ ಮದ್ದು ಮಾಡುವ ತಾಯಂದಿರು ಯಾವ ಎಣ್ಣೆಯನ್ನು ಆರಿಸಬೇಕು, ಲಿಂಗಧಾರಿಯಾದವನು ಆಸವಾರಿಷ್ಟಗಳನ್ನು ಸೇವಿಸಬಹುದೇ ಎಂಬ ಪ್ರಶ್ನೆಗಳು ಭಕ್ತರಲ್ಲಿ ಇಂದಿಗೂ ಏಳುತ್ತವೆ. ಇವಕ್ಕೆ ಇತಿಹಾಸವೇನು ಉತ್ತರ ಕೊಡುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ‘ಎಣ್ಣೆ’ ಎಂಬ ಮಾತು

ಮೊದಲಿಗೆ ಶಬ್ದವನ್ನೇ ವಿಚಾರಿಸೋಣ. ‘ಎಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ಕೂಡಿ ‘ಎಣ್ಣೆ’ಯಾಗಿದೆ; ಎಳ್ಳಿನ ಜಿಡ್ಡು ಎಂಬುದೇ ಅದರ ಮೂಲಾರ್ಥ. ‘ಬೆಳ್’ ಮತ್ತು ‘ನೆಯ್’ ಕೂಡಿ ‘ಬೆಣ್ಣೆ’ಯಾದಂತೆ. ಸಂಸ್ಕೃತದಲ್ಲಿಯೂ ‘ತಿಲ’ದಿಂದ ‘ತೈಲ’. ಹೀಗಾಗಿ ಎಳ್ಳೆಣ್ಣೆಯೆಂದರೆ ಪುನರುಕ್ತಿ. ಕೊಬ್ಬರಿ ಎಣ್ಣೆಯೆಂದರೆ ಕೊಬ್ಬರಿಯ ‘ಎಳ್ಳುನೆಯ್’! ಭಾಷೆಯು ತನ್ನ ನೆನಪಿನಲ್ಲಿ ಎಳ್ಳಿಗೆ ಅಗ್ರಸ್ಥಾನವನ್ನು ಕಾಯ್ದಿರಿಸಿದೆ. ಚರಕಸಂಹಿತೆಯೂ ತೈಲಗಳಲ್ಲೆಲ್ಲ ಬಲವರ್ಧನೆಗೂ ಸ್ನೇಹನಕ್ಕೂ ತಿಲತೈಲವೇ ಶ್ರೇಷ್ಠವೆಂದೂ ವಿರೇಚನಕ್ಕೆ ಹರಳೆಣ್ಣೆಯೇ ಮೇಲೆಂದೂ ನಿರ್ಣಯಿಸಿದೆ.

ಕನ್ನಡ ನಾಡಿನ ಶಾಸನಗಳಲ್ಲಿ ಎಣ್ಣೆಯ ಪ್ರಸ್ತಾಪ ವಿಪುಲವಾಗಿದೆ. ದೇವಾಲಯದ ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಎಣ್ಣೆಯೆಂದು ಬಿಡುವುದು ದಾನಶಾಸನಗಳ ಸಾಮಾನ್ಯ ಕ್ರಮ. ಎಣ್ಣೆ ತೆಗೆಯುವ ತೆಲ್ಲಿಗರು ಸಂಘಟಿತರಾಗಿ ಧರ್ಮಕಾರ್ಯಗಳಲ್ಲಿ ಪಾಲ್ಗೊಂಡ ಸಂಗತಿಯೂ ಅವುಗಳಿಂದ ತಿಳಿದುಬರುತ್ತದೆ. ಹೊಯ್ಸಳರ ಕಾಲದ ಶಿಲ್ಪದೇಗುಲಗಳನ್ನು ಉಳಿಸಿಕೊಂಡಿರುವ ತುರುವೇಕೆರೆಯಂಥ ಊರುಗಳಲ್ಲಿ ಗಾಣವು ದೇವರ ದೀಪಕ್ಕೂ ಮನೆಯ ಒಗ್ಗರಣೆಗೂ ರೋಗಿಯ ಮೈಗೂ ಒಂದೇ ಆಗಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಬಯಲುಸೀಮೆಯ ಹೊಲದಲ್ಲಿ ಬೆಳೆಯುವ ಎಳ್ಳು, ಹುಚ್ಚೆಳ್ಳು, ಹರಳು, ಹೊಲದ ಬದುವಿನ ಹೊಂಗೆ, ಬೇವು, ತೋಪಿನ ಹಿಪ್ಪೆ – ಇವೇ ಹಿಂದಿನ ಎಣ್ಣೆಯ ಮೂಲಗಳು. ಇವುಗಳಲ್ಲಿ ಹಿಪ್ಪೆಯದು ವಿಚಿತ್ರವಾದ ಸ್ಥಾನ. ಅದರ ಹೂವಿನಿಂದ ಮದ್ಯ, ಬೀಜದಿಂದ ಎಣ್ಣೆ. ತೆಂಗಿನಂತೆ ಅದೂ ಎರಡು ದಾರಿಗಳ ಮರ.

೨. ಕೊಬ್ಬರಿಯ ಬರವು

ಕ್ರಿ.ಶ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸ್ವತಃ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದನು. ಅವನು ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮಾರ್ಗವಾಗಿ ಹೋಗುತ್ತ ಈ ಭಾಗದ ತೋಟಗಳನ್ನು ಕಂಡು ಬರೆದಿಟ್ಟನು. ಅವನ ಪ್ರವಾಸ ಗ್ರಂಥ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಆದುದರಿಂದ ರೈಲಿಗೆ ಬಹಳ ಮುನ್ನವೇ ಇಲ್ಲಿ ತೆಂಗಿನ ತೋಟಗಳು ನೆಲೆಯೂರಿದ್ದುವೆಂಬುದು ಸ್ಪಷ್ಟ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದವರೆಗಿನ ರೈಲುದಾರಿ ೧೮೮೯ರ ವೇಳೆಗೆ ಪೂರ್ಣಗೊಂಡ ಮೇಲೆ ತಿಪಟೂರಿನ ಕೊಬ್ಬರಿಗೆ ಉತ್ತರದ ಬಾಗಿಲು ತೆರೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಿಪಟೂರಿನ ಹೆಸರು ಎಣ್ಣೆಯಿಂದ ಬಂದುದಲ್ಲ, ಉಂಡೆ ಕೊಬ್ಬರಿಯಿಂದ ಬಂದುದು. ಮಲೆಯಾಳ ಸೀಮೆಯಲ್ಲಿ ಕಾಯನ್ನು ಒಡೆದು ಹೋಳುಮಾಡಿ ಒಣಗಿಸಿ ಎಣ್ಣೆಯ ಗಿರಣಿಗೆ ಕಳಿಸುವುದೇ ಪ್ರಧಾನ. ನಮ್ಮಲ್ಲಿ ಕಾಯನ್ನು ಒಡೆಯದೆ ಅಟ್ಟದಲ್ಲಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು ಒಳಗೆ ಉರುಳಾಡುವವರೆಗೆ ಕಾಯುತ್ತಾರೆ. ಆ ಉಂಡೆ ಉತ್ತರ ಭಾರತದಲ್ಲಿ ಒಣಹಣ್ಣಿನಂತೆ ತಿನ್ನುವ ಪದಾರ್ಥ, ಮಂಗಳಕಾರ್ಯದ ಪದಾರ್ಥ. ಆದಕಾರಣ ಈ ನಾಡಿನ ಗೃಹಸ್ಥನಿಗೆ ಎಣ್ಣೆಯೆಂಬುದು ಮಾರಾಟದ ಮುಖ್ಯ ಸರಕಾಗಿರದೆ, ಮಾರಿ ಉಳಿದ ಚೂರು, ಹೋಳು, ಒಡಕುಗಳಿಂದ ಮನೆಯ ಬಳಕೆಗೆ ತೆಗೆದುಕೊಳ್ಳುವ ವಸ್ತುವಾಯಿತು. ಮನೆಮದ್ದಿನೊಡನೆ ಕೊಬ್ಬರಿ ಎಣ್ಣೆಯ ನಂಟು ಬೆಳೆದುದು ಹೀಗೆ. ಇದರಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಮದ್ದಿಗೆ ಉಳಿಕೆಯ ಚೂರನ್ನು ಬಳಸುವಾಗ ಬೂಷ್ಟು ಹಿಡಿದುದು, ಕಮಟು ವಾಸನೆಯದು, ಒಳಗೆ ಕಪ್ಪಾದುದು ಸೇರದಂತೆ ನೋಡಬೇಕು. ಬೂಷ್ಟಿನ ವಿಷವು ಎಣ್ಣೆಯನ್ನು ಕಾಯಿಸಿದ ಮಾತ್ರಕ್ಕೆ ಹೋಗತಕ್ಕದ್ದಲ್ಲ.

೩. ನೀರನ್ನು ಕಳೆಯುವ ಶಾಸ್ತ್ರ

ಅಟ್ಟದ ಮೇಲಿನ ಕಾಯಿ ಮಾಡುವ ಕೆಲಸವೇನು? ಹಸಿಯ ತೆಂಗಿನ ತಿರುಳಿನಲ್ಲಿ ನೂರಕ್ಕೆ ಸುಮಾರು ೪೫ರಿಂದ ೫೦ ಭಾಗ ನೀರಿರುತ್ತದೆ. ಒಳ್ಳೆಯ ಕೊಬ್ಬರಿಯಲ್ಲಿ ಅದು ೭ಕ್ಕಿಂತ ಕೆಳಗಿಳಿದಿರುತ್ತದೆ. ಎಣ್ಣೆಯ ಪಾಲು ಸುಮಾರು ೬೫ಕ್ಕೆ ಏರುತ್ತದೆ. ನೀರು ಹೋದುದರಿಂದಲೇ ಅದು ತಿಂಗಳುಗಟ್ಟಲೆ ಕೆಡದೆ ದೂರದೂರಕ್ಕೆ ಹೋಗಬಲ್ಲದು. ವೈದ್ಯಶಾಸ್ತ್ರದ ತೈಲಪಾಕವೂ ಇದೇ ತತ್ತ್ವವನ್ನು ಆಶ್ರಯಿಸಿದೆ. ಅಲ್ಲಿ ಕಾಲವು ಮಾಡುವುದನ್ನು ಇಲ್ಲಿ ಬೆಂಕಿ ಮಾಡುತ್ತದೆ.

ಶಾರ್ಙ್ಗಧರಸಂಹಿತೆಯ ಪ್ರಕಾರ ಕಲ್ಕ, ಅಂದರೆ ಅರೆದ ಮೂಲಿಕೆ, ಒಂದು ಪಾಲು. ಸ್ನೇಹ ನಾಲ್ಕು ಪಾಲು. ಕಷಾಯ ಅಥವಾ ಸ್ವರಸ ಮೊದಲಾದ ದ್ರವ ಹದಿನಾರು ಪಾಲು. ದ್ರವವೇ ಎಣ್ಣೆಗಿಂತ ನಾಲ್ಕು ಪಟ್ಟು ಇರುವುದನ್ನು ಕಂಡು ಇಂದಿನ ವಿದ್ಯಾರ್ಥಿಗೆ ಆಶ್ಚರ್ಯವಾಗಬಹುದು. ಆದರೆ ಇದರಲ್ಲಿ ಸೂಕ್ಷ್ಮವಿದೆ. ಪಾತ್ರೆಯಲ್ಲಿ ನೀರಿರುವವರೆಗೆ ಎಣ್ಣೆಯ ಕಾವು ನೀರು ಕುದಿಯುವ ಮಟ್ಟವನ್ನು ಹೆಚ್ಚಾಗಿ ಮೀರುವುದಿಲ್ಲ. ಮೂಲಿಕೆ ಸುಡದೆ ನಿಧಾನವಾಗಿ ತನ್ನ ಸಾರವನ್ನು ಬಿಡುತ್ತದೆ. ನೀರು ಮುಗಿದೊಡನೆಯೇ ಕಾವು ತಟ್ಟನೆ ಏರುತ್ತದೆ. ಆ ಕ್ಷಣವನ್ನು ಹಿಡಿಯದಿದ್ದರೆ ಸೊಪ್ಪು ಕರಿದು ಎಣ್ಣೆ ಹಾಳಾಗುತ್ತದೆ. ಆದುದರಿಂದ ಪ್ರಾಚೀನರು ಮೃದು, ಮಧ್ಯಮ, ಖರವೆಂದು ಪಾಕಗಳನ್ನು ವಿಂಗಡಿಸಿ ಲಕ್ಷಣಗಳನ್ನು ಹೇಳಿದರು. ಕಲ್ಕವನ್ನು ಬೆರಳಿನಿಂದ ಹೊಸೆದರೆ ಬತ್ತಿಯಂತಾಗಬೇಕು. ಅದನ್ನು ಬೆಂಕಿಗೆ ಹಾಕಿದರೆ ಚಟಪಟ ಸದ್ದಾಗಬಾರದು. ತೈಲದಲ್ಲಿ ನೊರೆ ಏಳಬೇಕು, ತುಪ್ಪದಲ್ಲಿ ನೊರೆ ಅಡಗಬೇಕು. ಆ ಚಟಪಟ ಸದ್ದೆಂದರೆ ಉಳಿದಿರುವ ನೀರಿನ ಕೂಗು. ಮನೆಯಲ್ಲಿ ಗರಗದ ಸೊಪ್ಪಿನ ರಸ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುವ ಅಜ್ಜಿ “ಸದ್ದು ಅಡಗಲಿ, ಆಮೇಲೆ ಇಳಿಸು” ಎಂದರೆ ಆಕೆ ಶಾರ್ಙ್ಗಧರನನ್ನು ಓದದೆಯೇ ಪಾಲಿಸಿದಂತಾಯಿತು.

ಈ ಕಾಲದಲ್ಲಿ ಕೆಲವರು ಹಸಿಯ ಸೊಪ್ಪನ್ನೂ ಹೂವನ್ನೂ ಹಾಗೆಯೇ ಎಣ್ಣೆಯ ಸೀಸೆಗೆ ತುಂಬಿ ಬಿಸಿಲಿಗಿಡುವುದುಂಟು. ನೋಡಲು ಚೆಲುವಾದರೂ ಇದು ಪರಂಪರೆಯ ಕ್ರಮವಲ್ಲ. ಹಸಿಯ ಮೂಲಿಕೆಯಲ್ಲಿನ ನೀರು ಎಣ್ಣೆಯ ತಳದಲ್ಲಿ ಗಾಳಿಯಿಲ್ಲದೆ ಉಳಿದು ಕೊಳೆತಕ್ಕೂ ವಿಷಕಾರಿ ಸೂಕ್ಷ್ಮಜೀವಿಗಳಿಗೂ ಎಡೆಗೊಡುತ್ತದೆ. ಕಾಯಿಸದೆ ಇಡಬೇಕೆಂದಿದ್ದರೆ ಮೂಲಿಕೆಯನ್ನು ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸಿಕೊಳ್ಳಬೇಕು.

೪. ಆಸವ, ಅರಿಷ್ಟ

ಎಣ್ಣೆಯ ದಾರಿ ನೀರನ್ನು ಹೊರಗೆ ಹಾಕುವುದು. ಆಸವದ ದಾರಿ ನೀರನ್ನು ಉಳಿಸಿಕೊಂಡೇ ಅದನ್ನು ಕೆಡದಂತೆ ಕಾಯುವುದು. ಕಾಯುವವನು ಮದ್ಯಾಂಶ. ಮೂಲಿಕೆಯನ್ನು ಕುದಿಸಿದ ಕಷಾಯದಿಂದ ಮಾಡಿದುದು ಅರಿಷ್ಟ, ಕುದಿಸದೆ ನೆನೆಹಾಕಿ ಮಾಡಿದುದು ಆಸವವೆಂಬ ಭೇದ ಪ್ರಸಿದ್ಧವಾಗಿದೆ. ಚರಕನು ಸೂತ್ರಸ್ಥಾನದಲ್ಲಿ ಧಾನ್ಯ, ಹಣ್ಣು, ಬೇರು, ಹೂ, ತೊಗಟೆ ಮೊದಲಾದ ಒಂಬತ್ತು ಮೂಲಗಳಿಂದ ಆಗುವ ೮೪ ಆಸವಗಳನ್ನು ಗಣಿಸಿದ್ದಾನೆ. ಬೆಲ್ಲ ಅಥವಾ ಜೇನು ಸೇರಿಸಿ, ಧಾತಕಿಯ ಹೂವನ್ನು ಹಾಕಿ, ಪಾತ್ರೆಯ ಬಾಯಿ ಮುಚ್ಚಿ, ಧಾನ್ಯದ ರಾಶಿಯಲ್ಲಿ ಹೂತಿಟ್ಟು ಸುಮಾರು ಒಂದು ತಿಂಗಳು ಬಿಡುವುದು ಸಾಮಾನ್ಯ ವಿಧಾನ. ಧಾತಕಿಯ ಹೂವಿಗೆ ಅಂಟಿಕೊಂಡ ಹುದುಗು ಬೆಲ್ಲದ ಸಿಹಿಯನ್ನು ಮದ್ಯವಾಗಿ ಪರಿವರ್ತಿಸುತ್ತದೆ. ಧಾನ್ಯದ ರಾಶಿ ಹಗಲಿರುಳಿನ ಶೀತೋಷ್ಣ ವ್ಯತ್ಯಾಸದಿಂದ ಅದನ್ನು ಕಾಪಾಡುತ್ತದೆ. ಹೀಗೆ ಹುಟ್ಟುವ ಮದ್ಯಾಂಶ ಸಾಮಾನ್ಯವಾಗಿ ನೂರಕ್ಕೆ ೫ರಿಂದ ೧೨. ಇದು ಬಟ್ಟಿಯಿಳಿಸಿದುದಲ್ಲ, ಹೊರಗಿನಿಂದ ಬೆರೆಸಿದುದೂ ಅಲ್ಲ. ನೀರಿನಲ್ಲಿ ಕರಗುವ ಸಾರವನ್ನೂ ನೀರಿಗೆ ಒಲಿಯದ ಸಾರದಲ್ಲಿ ಕೆಲವಂಶವನ್ನೂ ಇದು ಹಿಡಿದಿಡುತ್ತದೆ. ಎಣ್ಣೆ ಕಾಲಕ್ರಮೇಣ ಕಮಟಾಗಿ ಗುಣ ಕಳೆದುಕೊಂಡರೆ ಆಸವವು ಹಳತಾದಷ್ಟೂ ಮೇಲೆಂಬುದು ಶಾರ್ಙ್ಗಧರನ ಮತ.

ಆದರೆ ಈ ಕ್ರಮದಲ್ಲಿ ಎಚ್ಚರ ತಪ್ಪಿದರೆ ಆಸವವು ಹುಳಿತು ಶುಕ್ತವಾಗುತ್ತದೆ. ಬೆಲ್ಲ ಕಡಿಮೆಯಾದರೆ ಕೊಳೆಯುತ್ತದೆ. ಆದುದರಿಂದ ಎಣ್ಣೆ ಕಾಯಿಸುವುದು ಮನೆಯ ಕೆಲಸವಾಗಿಯೂ ಆಸವ ಕಟ್ಟುವುದು ವೈದ್ಯನ ಕೆಲಸವಾಗಿಯೂ ಬೇರ್ಪಟ್ಟುದು ಸಹಜವೇ ಆಗಿದೆ. ಮೈಸೂರಿನಲ್ಲಿ ೧೯೦೮ರಲ್ಲಿ ಸರ್ಕಾರಿ ಆಯುರ್ವೇದ ವಿದ್ಯಾಲಯ ಸ್ಥಾಪಿತವಾದ ಮೇಲೆ ಇಂಥ ಯೋಗಗಳ ಅಭ್ಯಾಸ ಶಾಸ್ತ್ರೀಯ ಶಿಕ್ಷಣದ ಚೌಕಟ್ಟಿಗೆ ಬಂದಿತು.

೫. ಮದ್ಯವನ್ನು ಬಿಟ್ಟ ಕನ್ನಡ ವೈದ್ಯ

ಇಲ್ಲಿಯೇ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಹೆಮ್ಮೆಪಡಬೇಕಾದ ಅಧ್ಯಾಯವೊಂದು ತೆರೆಯುತ್ತದೆ. ಚರಕ ಸುಶ್ರುತರು ಮದ್ಯ ಮಾಂಸಗಳನ್ನು ಔಷಧರೂಪದಲ್ಲಿ ನಿಸ್ಸಂಕೋಚವಾಗಿ ವಿಧಿಸಿದ್ದಾರೆ. ಅದನ್ನು ಪ್ರಶ್ನಿಸಿದ ಪರಂಪರೆಯೊಂದು ಕನ್ನಡ ನೆಲದಲ್ಲಿ ಬೆಳೆಯಿತು. ರಾಷ್ಟ್ರಕೂಟ ನೃಪತುಂಗನ ಕಾಲದ ಜೈನ ವೈದ್ಯ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮಾಂಸಸೇವನೆಯ ನಿರರ್ಥಕತೆಯನ್ನು ರಾಜಸಭೆಯಲ್ಲಿ ಪ್ರತಿಪಾದಿಸಿದ ವಿಚಾರವನ್ನು ಅದಕ್ಕೆ ಹಿತಾಹಿತಾಧ್ಯಾಯವಾಗಿ ಜೋಡಿಸಿದನು. ಸುಮಾರು ಕ್ರಿ.ಶ. ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡಿಸಿದನು. ಅದರಲ್ಲಿ ಹೇಳಿರುವ ಚಿಕಿತ್ಸೆಯು ಸಂಪೂರ್ಣವಾಗಿ ಮದ್ಯಮಾಂಸವರ್ಜಿತವೆಂದು ಸಾಹಿತ್ಯ ಚರಿತ್ರಕಾರರು ಗುರುತಿಸಿದ್ದಾರೆ. ಸುಮಾರು ೧೩೬೦ರ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಸ್ಥಾವರ ಜಂಗಮ ವಿಷಗಳಿಗೆ ಚಿಕಿತ್ಸೆಯನ್ನು ಕನ್ನಡದ ಕಾವ್ಯಭಾಷೆಯಲ್ಲಿಯೇ ನಿರೂಪಿಸಿತು.

ಈ ಗ್ರಂಥಕಾರರು ಜೈನರು. ಅವರ ನಿಷೇಧಕ್ಕೆ ಮೂಲ ಅಹಿಂಸಾವ್ರತ. ಆದರೂ ಅವರ ಸಾಧನೆ ಒಂದು ಮತಕ್ಕೆ ಸೀಮಿತವಲ್ಲ. ಮದ್ಯವಿಲ್ಲದೆಯೂ ಪೂರ್ಣವಾದ ವೈದ್ಯವೊಂದನ್ನು ಕಟ್ಟಬಹುದೆಂಬುದನ್ನು ಅವರು ಕನ್ನಡದಲ್ಲಿ ತೋರಿಸಿಕೊಟ್ಟರು. ಮುಂದೆ ವೀರಶೈವರಲ್ಲಿಯೂ ವೈದ್ಯಗ್ರಂಥಕಾರರು ಹುಟ್ಟಿದರು. ಆಂಧ್ರದೇಶದಲ್ಲಿ ಪ್ರಚಾರಗೊಂಡ ‘ಬಸವರಾಜೀಯ’ದ ಕರ್ತೃ ಬಸವರಾಜನು ಲಿಂಗಪೂಜಾನಿರತನಾದ ವೀರಶೈವ, ಸಂಸ್ಕೃತದ ಮೂಲಕ್ಕೆ ತೆಲುಗಿನ ತಾತ್ಪರ್ಯವನ್ನು ಕೂಡಿಸಿದ ಆ ಗ್ರಂಥ ರಸೌಷಧಿಗಳಿಗೆ ವಿಶೇಷ ಪ್ರಾಧಾನ್ಯ ನೀಡಿದೆ. ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶರೂಪದ ಸಂಸ್ಕೃತ ಗ್ರಂಥದಲ್ಲಿಯೂ ವೈದ್ಯಕ್ಕೆ ಸ್ಥಾನ ದೊರೆತಿದೆ.

೬. ಶರಣರ ನಿಲುವು

ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮೂವರಿದ್ದಾರೆ. ವೈದ್ಯ ಸಂಗಣ್ಣ ಚಿಕಿತ್ಸೆಯ ಕಾಯಕದವನು. ಗಾಣದ ಕಣ್ಣಪ್ಪ ಎಣ್ಣೆಯ ಕಾಯಕದವನು. ಹೆಂಡದ ಮಾರಯ್ಯ ಹೆಂಡ ಮಾರುವ ವೃತ್ತಿಯಿಂದ ಬಂದವನು. ವೈದ್ಯ, ತೈಲ, ಮದ್ಯ ಈ ಮೂರೂ ಶರಣಪಥದಲ್ಲಿ ಒಂದೆಡೆ ಸೇರಿದುವೆನ್ನಬಹುದು. ಸಂಗಣ್ಣನು ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ವೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿ, ವಾತ ಪಿತ್ತ ಶ್ಲೇಷ್ಮಗಳ ಪರಿಭಾಷೆಯನ್ನೇ ಭವರೋಗದ ನಿರೂಪಣೆಗೆ ಬಳಸಿಕೊಂಡಿದ್ದಾನೆ. ಆ ಅಂಕಿತದಲ್ಲಿ ಸೊನ್ನಲಿಗೆಯ ಸಿದ್ಧರಾಮರ ಹೆಸರಿರುವುದು, ಅವರನ್ನು ಗುರುವೆಂದು ಭಾವಿಸುವ ನೊಳಂಬ ವೀರಶೈವರು ಹೆಚ್ಚಾಗಿರುವ ತಿಪಟೂರು ಸೀಮೆಯ ಓದುಗರಿಗೆ ಸಂತೋಷದ ಸಂಗತಿ. ಮಾರಯ್ಯನ ವಚನಗಳಲ್ಲಿ ಹೆಂಡದ ಮಡಕೆಯೂ ಮತ್ತಿನ ಸ್ಥಿತಿಯೂ ಪ್ರತಿಮೆಗಳಾಗಿ ಬಂದು ಓದುಗನನ್ನು ಎಚ್ಚರದ ಕಡೆಗೆ ತಿರುಗಿಸುತ್ತವೆ. ವೃತ್ತಿಯನ್ನು ನೋಡಿ ಮನುಷ್ಯನನ್ನು ತಳ್ಳದೆ, ಮನುಷ್ಯನ ಅರಿವಿನಿಂದ ವೃತ್ತಿಯನ್ನು ವಿಮರ್ಶಿಸುವ ದಿಟ್ಟತನ ಶರಣರದು.

ಈಗ ಪ್ರಶ್ನೆಯ ತಿರುಳಿಗೆ ಬರೋಣ. ಲಿಂಗಕ್ಕೆ ಅರ್ಪಿಸದೆ ಏನನ್ನೂ ಕೊಳ್ಳಬಾರದು, ಅರ್ಪಿತವಾದುದೇ ಪ್ರಸಾದ ಎಂಬುದು ವೀರಶೈವಾಚಾರದ ಮೂಲನಿಯಮ. ಔಷಧವೂ ಇದಕ್ಕೆ ಹೊರತಲ್ಲ. ಹಾಗಾದರೆ ಅರ್ಪಿಸಲು ಮನಸ್ಸು ಹಿಂಜರಿಯುವ ಮದ್ಯಾಂಶವನ್ನು ಒಳಗೊಂಡ ಅರಿಷ್ಟವನ್ನು ಕೊಳ್ಳುವುದು ಹೇಗೆ? ನೇಮವಂತರಾದ ಹಿರಿಯರು ಇದನ್ನು ಒಪ್ಪದೆ ಕಷಾಯ, ಚೂರ್ಣ, ಲೇಹ್ಯ, ತೈಲ, ಘೃತಗಳಿಂದಲೇ ನಿರ್ವಹಿಸಿಕೊಳ್ಳುವುದುಂಟು. ಮತ್ತೆ ಕೆಲವರು, ದೇಹವನ್ನೇ ದೇಗುಲವಾಗಿ ಕಂಡ ಧರ್ಮದಲ್ಲಿ ಆ ದೇಗುಲದ ಜೀರ್ಣೋದ್ಧಾರಕ್ಕೆ ವೈದ್ಯನು ಅಳೆದು ಕೊಟ್ಟುದು ಪಾನವಲ್ಲ, ಔಷಧ ಎನ್ನುತ್ತಾರೆ.

ಎರಡನೆಯ ವಾದಕ್ಕೆ ಲೌಕಿಕ ಶಾಸನದ ಸಮರ್ಥನೆಯೂ ಇತ್ತು. ಮದ್ಯಾಂಶವುಳ್ಳ ಔಷಧಗಳ ಮೇಲಿನ ಸುಂಕದ ೧೯೫೫ರ ಕೇಂದ್ರ ಕಾಯಿದೆಯು, ತಾನಾಗಿ ಮದ್ಯಾಂಶ ಹುಟ್ಟಿದ ಆಯುರ್ವೇದ ಯೋಗಗಳಲ್ಲಿ ಸಾಮಾನ್ಯ ಮದ್ಯದಂತೆ ಕುಡಿಯಲು ಬರುವಂಥವು, ಬಾರದಂಥವು ಎಂದು ಭೇದಮಾಡಿತ್ತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬರುವವರೆಗೆ ಆ ಕ್ರಮ ನಡೆಯಿತು. ಲೆಕ್ಕವನ್ನೂ ನೋಡಬಹುದು. ನೂರಕ್ಕೆ ೧೦ ಮದ್ಯಾಂಶವಿರುವ ಅರಿಷ್ಟವನ್ನು ೨೦ ಮಿಲಿಲೀಟರ್ ಸೇವಿಸಿದರೆ ಒಳಹೋಗುವ ಮದ್ಯಾಂಶ ೨ ಮಿಲಿಲೀಟರ್. ಬೆಳೆದ ಮನುಷ್ಯನಿಗೆ ಇದು ಅಮಲೇರಿಸುವ ಪ್ರಮಾಣವಲ್ಲ. ಆದರೆ ಮಕ್ಕಳು, ಗರ್ಭಿಣಿಯರು, ಯಕೃತ್ತಿನ ರೋಗಿಗಳು, ಕುಡಿತದ ಚಟವನ್ನು ಬಿಟ್ಟು ಬದುಕು ಕಟ್ಟಿಕೊಳ್ಳುತ್ತಿರುವವರು – ಇವರ ವಿಷಯದಲ್ಲಿ ಆ ೨ ಮಿಲಿಲೀಟರೂ ಅಲಕ್ಷಿಸತಕ್ಕದ್ದಲ್ಲ. ಕುಡಿತ ಬಿಟ್ಟವನ ಮನೆಯಲ್ಲಿ ಅರಿಷ್ಟದ ಸೀಸೆ ಕೈಗೆ ಸಿಗುವಂತಿರುವುದು ಧರ್ಮಪ್ರಶ್ನೆಗಿಂತಲೂ ಮೊದಲು ಸಂಸಾರದ ಪ್ರಶ್ನೆ.

ನಮ್ಮ ಅಭಿಪ್ರಾಯದಲ್ಲಿ ಇತಿಹಾಸವು ಈ ವಿವಾದಕ್ಕೆ ಮಧ್ಯಮಮಾರ್ಗವನ್ನು ತೋರುತ್ತದೆ. ಸೋಮನಾಥನ ಪರಂಪರೆ ಬದಲಿ ದಾರಿಗಳಿವೆಯೆಂದು ಸಾಧಿಸಿತು. ಆದುದರಿಂದ ನೇಮವಂತನು ತನಗೆ ಅರಿಷ್ಟ ಬೇಡವೆಂದು ವೈದ್ಯನಿಗೆ ಹೇಳಿ ಬೇರೆ ಯೋಗವನ್ನು ಕೇಳಿಕೊಳ್ಳಬಹುದು. ವೈದ್ಯನು ಬೇರೆ ಗತಿಯಿಲ್ಲವೆಂದರೆ ಅಳತೆಮೀರದೆ ಕೊಳ್ಳುವುದು ವ್ರತಭಂಗವಾಗದು. ಆದರೆ ಮದ್ಯವನ್ನು ಮದ್ದೆಂದು ಹೆಸರಿಸಿ ಮನೆಯೊಳಗೆ ತರುವುದಕ್ಕೆ ಎರಡು ವಾದಗಳಲ್ಲಿಯೂ ಎಡೆಯಿಲ್ಲ.

೭. ಸ್ಪಿರಿಟ್ಟಿನ ಯುಗ

ಇಂಗ್ಲಿಷ್ ವೈದ್ಯ ಬಂದಮೇಲೆ ಮದ್ಯದ ಸ್ವರೂಪವೇ ಬದಲಾಯಿತು. ಆಸವದಲ್ಲಿ ಔಷಧವೂ ಮದ್ಯಾಂಶವೂ ಒಂದೇ ಪಾತ್ರೆಯಲ್ಲಿ ಕೂಡಿ ಹುಟ್ಟುತ್ತವೆ. ಟಿಂಚರಿನಲ್ಲಿ ಹಾಗಲ್ಲ, ಬಟ್ಟಿಯಿಳಿಸಿದ ತೀಕ್ಷ್ಣವಾದ ಮದ್ಯಸಾರದಲ್ಲಿ ಮೂಲಿಕೆಯನ್ನು ನೆನೆಯಿಟ್ಟು ಸಾರವನ್ನು ಸೆಳೆಯುತ್ತಾರೆ. ಹೋಮಿಯೋಪತಿಯೂ ಮದ್ಯಸಾರವನ್ನೇ ಅವಲಂಬಿಸಿದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ೧೮೮೦ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧ ವಿತರಣೆಯನ್ನು ಆರಂಭಿಸಿದಂದಿನಿಂದ ಆ ಪದ್ಧತಿ ಕನ್ನಡ ನಾಡಿನಲ್ಲಿ ಹರಡಿತು. ಟಿಂಚರುಗಳ ತಯಾರಿಕೆಯಲ್ಲಿ ಒಂದು ನಿಯಮವುಂಟು: ತೀಕ್ಷ್ಣವಾದ ಮದ್ಯಸಾರ ರಾಳ, ಸುಗಂಧತೈಲಗಳನ್ನು ಸೆಳೆಯುತ್ತದೆ, ನೀರು ಬೆರೆತ ಮದ್ಯಸಾರ ಕಹಿ, ಒಗರುಗಳನ್ನೂ ಸೆಳೆಯುತ್ತದೆ, ಗೋಂದಿನಂಥ ಲೋಳೆ ಪದಾರ್ಥಗಳು ನೀರಿಗೇ ಮೀಸಲು.

ಆದರೆ ಇದು ಮನೆಯ ವಿದ್ಯೆಯಲ್ಲ. ಮನೆಗೆ ಸುಲಭವಾಗಿ ದೊರೆಯುವ ಸ್ಪಿರಿಟ್ಟು ಗಾಯ ಒರೆಸುವುದಕ್ಕೋ ಮರದ ಸಾಮಾನಿಗೆ ಬಣ್ಣ ಬಳಿಯುವುದಕ್ಕೋ ಮೀಸಲಾದುದು. ಕುಡಿಯಬಾರದೆಂದೇ ಅದರಲ್ಲಿ ವಿಷವಸ್ತುಗಳನ್ನು ಬೆರೆಸಿರುತ್ತಾರೆ. ಮಿಥೈಲ್ ಮದ್ಯಸಾರವಂತೂ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣನ್ನೂ ಪ್ರಾಣವನ್ನೂ ಕಳೆಯುತ್ತದೆ. ೧೯೮೧ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಇಂಥ ಕಲಬೆರಕೆಯ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ಬಡ ದುಡಿಮೆಗಾರರು. ಕರ್ನಾಟಕದಲ್ಲಿ ಸಾರಾಯಿ ಮಾರಾಟ ೨೦೦೭ರ ಜುಲೈ ೧ರಿಂದ ನಿಂತಿತು. ಕಣ್ಣಿಗೂ ಮೂಗಿಗೂ ಒಂದೇ ತೆರನಾಗಿ ಕಾಣುವ ಎರಡು ದ್ರವಗಳಲ್ಲಿ ಒಂದು ಔಷಧ, ಒಂದು ಮೃತ್ಯು. ಅವುಗಳನ್ನು ಬೇರ್ಪಡಿಸುವ ಉಪಾಯ ಗೃಹಸ್ಥನ ಬಳಿಯಿಲ್ಲ. ಆದುದರಿಂದ ಮನೆಯಲ್ಲಿ ಸ್ಪಿರಿಟ್ಟಿನಿಂದ ಒಳಸೇವನೆಯ ಮದ್ದು ಮಾಡತಕ್ಕದ್ದಲ್ಲವೆಂಬುದು ಖಂಡಿತವಾದ ಮಾತು.

೮. ಎಣ್ಣೆಗಳ ವಿವೇಕ

ಎಣ್ಣೆಯೆಂದೊಡನೆ ಎಲ್ಲವೂ ನಿರಪಾಯವೆಂದು ತಿಳಿಯಬಾರದು. ಎಳ್ಳೆಣ್ಣೆ ಸಹಜವಾಗಿಯೇ ತನ್ನೊಳಗಿನ ರಕ್ಷಕಾಂಶಗಳಿಂದ ಕಮಟಾಗುವುದಕ್ಕೆ ತಡೆಯೊಡ್ಡುತ್ತದೆ. ಕೀಲುನೋವಿಗೆ ಲಕ್ಕಿ ಸೊಪ್ಪಿನಂಥ ಉಷ್ಣದ್ರವ್ಯಗಳನ್ನು ಹಾಕಿ ಕಾಯಿಸಲು ಅದೇ ಯೋಗ್ಯ. ಕೊಬ್ಬರಿ ಎಣ್ಣೆ ಶೀತವೀರ್ಯವೆಂದೂ ಕೇಶಕ್ಕೆ ಹಿತವೆಂದೂ ಪ್ರಸಿದ್ಧಿ. ಗರಗ, ದಾಸವಾಳ, ಒಂದೆಲಗ, ನೆಲ್ಲಿಗಳಿಗೆ ಅದು ಒಗ್ಗುತ್ತದೆ. ಅದರ ಜಿಡ್ಡಿನಲ್ಲಿ ನೂರಕ್ಕೆ ಸುಮಾರು ೯೦ ಭಾಗ ಪರ್ಯಾಪ್ತ ಸ್ವರೂಪದ್ದಾದುದರಿಂದ ಗಾಳಿಗೆ ಬೇಗ ಕೆಡದು. ಆದರೆ ನೀರು ಸೇರಿದರೆ ಕೆಡುತ್ತದೆ. ಸುಮಾರು ೨೪ ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಪುಷ್ಯಮಾಸದ ಬೆಳಗಿನ ಚಳಿಯಲ್ಲಿಯೂ ತೆಳ್ಳಗೆ ಹರಿಯುವ ‘ಕೊಬ್ಬರಿ ಎಣ್ಣೆ’ಯನ್ನು ಸಂಶಯದಿಂದಲೇ ನೋಡಬೇಕು. ಗಂಧಕದ ಹೊಗೆ ಹಾಕಿದ ಕೊಬ್ಬರಿಯದೂ ಪರಿಮಳ ಬೆರೆಸಿದ ಖನಿಜತೈಲದ ಮಿಶ್ರಣವೂ ಮದ್ದಿಗೆ ಬರುವುದಿಲ್ಲ.

ಹರಳು ಬೀಜದಲ್ಲಿ ಉಗ್ರವಾದ ವಿಷವಿದೆ. ಬೀಜವನ್ನು ಹುರಿದು ಕುಟ್ಟಿ ನೀರಿನಲ್ಲಿ ಕುದಿಸಿ ತೇಲಿದ ಎಣ್ಣೆಯನ್ನು ತೆಗೆಯುವ ಹಳೆಯ ಕ್ರಮದಲ್ಲಿ ಆ ವಿಷ ಕಾವಿಗೆ ಅಳಿಯುತ್ತದೆ. ಹಿಂಡಿಯನ್ನು ದನಕ್ಕೆ ಹಾಕದೆ ಗೊಬ್ಬರಕ್ಕೆ ಹಾಕುವ ರೂಢಿಯ ಹಿಂದೆ ಈ ಅರಿವಿದೆ. ಹೊಂಗೆ ಬೇವುಗಳ ಎಣ್ಣೆ ಹೊರಲೇಪಕ್ಕೆ ಮಾತ್ರ. ಹಸುಳೆಗಳಿಗೆ ಬೇವಿನೆಣ್ಣೆ ಕುಡಿಸಿ ಪ್ರಾಣಾಪಾಯವಾದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿವೆ. ಎರೆದು ಹಾಕುವಾಗ ಕೂಸಿನ ಮೂಗಿಗೂ ಗಂಟಲಿಗೂ ಎಣ್ಣೆ ಬಿಡುವ ಪದ್ಧತಿಯನ್ನು ಈಗಲಾದರೂ ಬಿಡಬೇಕು. ಆ ಎಣ್ಣೆ ಶ್ವಾಸಕೋಶಕ್ಕಿಳಿದು ವಾಸಿಯಾಗಲು ಬಹುಕಾಲ ಹಿಡಿಯುವ ಒಂದು ಬಗೆಯ ನ್ಯುಮೋನಿಯವನ್ನು ಉಂಟುಮಾಡುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಮಗುವಿನ ಮೈಗೆ ಎಣ್ಣೆ ಹಿತ. ಮಗುವಿನ ಉಸಿರಿಗೆ ಅಲ್ಲ. ಎಣ್ಣೆಯ ಕಲಬೆರಕೆಯೂ ಮದ್ಯದ ಕಲಬೆರಕೆಯಷ್ಟೇ ಘೋರ. ೧೯೯೮ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಅರಿಸಿನ ದತ್ತೂರಿಯ ಎಣ್ಣೆ ಬೆರೆತು ಹಲವರು ಮೈಯೂತದ ರೋಗಕ್ಕೆ ಬಲಿಯಾದರು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ತೇಲಿಬರುವ ತತ್ತ್ವ ಇಷ್ಟು. ಮೂಲಿಕೆಯ ಗುಣವನ್ನು ಉಳಿಸುವುದೆಂದರೆ ನೀರಿನೊಡನೆ ಹೇಗೆ ವ್ಯವಹರಿಸುತ್ತೇವೆಂಬ ಪ್ರಶ್ನೆ. ಅಟ್ಟದ ಕೊಬ್ಬರಿ ಅದನ್ನು ತಾಳ್ಮೆಯಿಂದ ಕಳೆಯುತ್ತದೆ. ತೈಲಪಾಕ ಬೆಂಕಿಯಿಂದ ಕಳೆಯುತ್ತದೆ. ಆಸವ ಮದ್ಯಾಂಶದಿಂದ ಕಾಯುತ್ತದೆ. ಮೊದಲಿನ ಎರಡನ್ನು ಮನೆಯು ತನ್ನ ಕಣ್ಣು, ಕಿವಿ, ಬೆರಳುಗಳಿಂದಲೇ ಪರೀಕ್ಷಿಸಿಕೊಳ್ಳಬಲ್ಲದು. ಮೂರನೆಯದಕ್ಕೆ ವೈದ್ಯನ ಕೈ ಬೇಕು. ತೆಂಗಿನ ಸೀಮೆಯ ಮನೆಗಳು ಎಣ್ಣೆಯನ್ನು ತಮ್ಮಲ್ಲಿ ಇರಿಸಿಕೊಂಡು ಆಸವವನ್ನು ವೈದ್ಯನಿಗೆ ಬಿಟ್ಟುದರಲ್ಲಿ ಆಚಾರವೂ ವಿವೇಕವೂ ಒಂದಾಗಿವೆ. ಆಚಾರವೆಂದು ಮಾತ್ರ ತಿಳಿದರೆ ಅದರ ವಿವೇಕ ಮರೆತುಹೋಗುತ್ತದೆ. ಆಗ ಹಸಿ ಸೊಪ್ಪಿನ ಸೀಸೆಯೂ ಕೂಸಿನ ಮೂಗಿನ ಎಣ್ಣೆಯೂ ಆಚಾರದ ಹೆಸರಿನಲ್ಲಿಯೇ ಉಳಿದುಕೊಳ್ಳುತ್ತವೆ.

ಗಾಣದ ಕಣ್ಣಪ್ಪನು ಕಾಯಕದಿಂದ, ವೈದ್ಯ ಸಂಗಣ್ಣನು ಅರಿವಿನಿಂದ, ಹೆಂಡದ ಮಾರಯ್ಯನು ಎಚ್ಚರದಿಂದ ನಮ್ಮ ಮನೆಯ ಮದ್ದಿನ ಗೂಡಿನ ಮುಂದೆ ನಿಂತಿದ್ದಾರೆಂದು ಭಾವಿಸೋಣ. ಕಾಯಕ, ಅರಿವು, ಎಚ್ಚರ ಈ ಮೂರೂ ಕೂಡಿದಲ್ಲಿ ಮನೆಮದ್ದು ಹಿತವಾಗುತ್ತದೆ. ಒಂದು ತಪ್ಪಿದರೂ ಗೂಡಿನಲ್ಲಿರುವುದು ಬರಿಯ ಸೀಸೆ.